ಮುಖ ಗೊತ್ತು, ಹೆಸರು ಗೊತ್ತಿಲ್ಲ: ಡ್ಯಾಬ್ಸ್ ಗ್ರಿಯರ್ ಕುರಿತು ಓದುಗರ ಪ್ರಶ್ನೆಗಳು

ಕಳೆದ ತಿಂಗಳು ಸಾಗರದ ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ ಸ್ಥಳಾವಕಾಶವಿಲ್ಲದೆ ಒಂದೇ ಸಾಲಿನಲ್ಲಿ ಉತ್ತರಿಸಿದ್ದೆ. ಅದನ್ನು ಓದಿದ ಇನ್ನೂ ಕೆಲವರು ಅದೇ ನಟನ ಬಗ್ಗೆ ಪತ್ರ ಬರೆದಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ನಟ, ಅಮೆರಿಕದ ಡ್ಯಾಬ್ಸ್ ಗ್ರಿಯರ್ ಅವರಿಗೇ ಮೀಸಲಿಡುತ್ತಿದ್ದೇನೆ. ಮೊದಲು ಸಾಗರದ ಓದುಗರ ಪ್ರಶ್ನೆಯನ್ನೇ ಮತ್ತೊಮ್ಮೆ ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: 'ದ ಗ್ರೀನ್ ಮೈಲ್' ಚಿತ್ರದ ಆರಂಭದಲ್ಲಿಯೂ ಕೊನೆಯಲ್ಲಿಯೂ ಬರುವ ವೃದ್ಧ ಪಾಲ್ ಎಜ್‌ಕೂಂಬ್ ಟಾಮ್ ಹ್ಯಾಂಕ್ಸ್ ಅವರೇ ಎಂದು ನನ್ನ ಮಗ ವಾದಿಸುತ್ತಾನೆ, ಬೇರೆ ಯಾರೋ ಹಳೆಯ ನಟ ಇರಬೇಕೆಂದು ನನ್ನ ಅನಿಸಿಕೆ. ನಿಜವಾಗಿ ಆ ಮುದುಕ ಯಾರು? (ಓದುಗರು, ಸಾಗರ)

ಉತ್ತರ: ತಮ್ಮ ಅನಿಸಿಕೆಯೇ ಸರಿ. ಅವರ ಹೆಸರು ಡ್ಯಾಬ್ಸ್ ಗ್ರಿಯರ್. ಆದರೆ ತಮ್ಮ ಮಗನ ಊಹೆಗೂ ಆಧಾರವಿಲ್ಲದಿಲ್ಲ. ಮುದಿ ಪಾಲ್‌ನ ಪಾತ್ರವನ್ನೂ ಟಾಮ್ ಹ್ಯಾಂಕ್ಸ್ ಅವರಿಂದಲೇ ಮಾಡಿಸಬೇಕೆಂಬುದು ಮೊದಲಿನ ಯೋಚನೆಯಾಗಿತ್ತು. ಅದಕ್ಕಾಗಿ ಮೇಕಪ್ ಪರೀಕ್ಷೆಗಳೂ ನಡೆದವು. ಎಷ್ಟು ಬಣ್ಣ ಬಳಿದರೂ ಅಷ್ಟು ವಯಸ್ಸಾದವನೆಂಬ ನಂಬಿಕೆ ಹುಟ್ಟಲಿಲ್ಲವಾದ್ದರಿಂದ ಆ ಯೋಚನೆಯನ್ನು ಕೈಬಿಟ್ಟು ಗ್ರಿಯರ್ ಅವರನ್ನು ಕರೆಸಲಾಯಿತು. ಹಿಂದೆ ಮರಣದಂಡನೆಯ ಕೈದಿಗಳ ಕಾವಲು ಅಧಿಕಾರಿಯಾಗಿದ್ದ ಆ ಮುದುಕನಿಗೆ ಚಿತ್ರದ ಪ್ರಕಾರ 108 ವರ್ಷ. 1999ರ ಕೊನೆಯಲ್ಲಿ ಚಿತ್ರ ತೆರೆಕಂಡಾಗ ಗ್ರಿಯರ್ ಅವರಿಗೆ 82.

ಆ ದೃಶ್ಯಗಳನ್ನು ಸಾಧ್ಯವಾದರೆ ಇನ್ನೊಮ್ಮೆ ನೋಡಿ. ವೃದ್ಧಾಶ್ರಮದಲ್ಲಿ ಬೆಳಗಿನ ಹೊತ್ತು, ಹೊರಗೆ ಸುತ್ತಾಡಲು ಹೊರಟ ಮುದುಕ ಅಡುಗೆಮನೆಯ ಬಳಿ ನಿಂತು ಎರಡು ತುಂಡು ಒಣ ಬ್ರೆಡ್ಡು ಕೇಳಿ ಪಡೆಯುತ್ತಾನೆ. ಅದು ಯಾರಿಗೆ ಎಂಬುದು ನಮಗೆ ತಿಳಿಯುವುದು ಚಿತ್ರದ ಕೊನೆಯಲ್ಲಿ. ಆ ಬ್ರೆಡ್ಡನ್ನು ಕೇಳುವಾಗ ಅವರ ದನಿಯಲ್ಲಿ ದೈನ್ಯವೂ ಇಲ್ಲ, ಗುಟ್ಟು ಮುಚ್ಚಿಡುವವನ ಅತಿಜಾಣತನವೂ ಇಲ್ಲ. ದಿನವೂ ಕೇಳಿ ರೂಢಿಯಾದವನ ಸಲಿಗೆ ಮಾತ್ರ ಇದೆ. ಸ್ವಲ್ಪ ಹೊತ್ತಿನ ಮೇಲೆ ಟಿವಿಯಲ್ಲಿ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರೋಜರ್ಸ್ ನರ್ತಿಸುವ 1935ರ 'ಟಾಪ್ ಹ್ಯಾಟ್' ಚಿತ್ರದ ಹಾಡು ಬರುತ್ತದೆ, ಮುದುಕನ ಮುಖ ಕುಸಿಯುತ್ತದೆ. ಇಲ್ಲಿ ಗ್ರಿಯರ್ ಅವರಿಗೆ ಮಾತೇ ಇಲ್ಲ. ಅರುವತ್ತು ವರ್ಷಕ್ಕೂ ಹಳೆಯದಾದ ಒಂದು ದುಃಖ ಮುಂದಿನ ಮೂರು ತಾಸಿನ ಕಥೆಯನ್ನು ಹೊರಬೇಕು, ಆ ದುಃಖ ಏನೆಂಬುದು ಪ್ರೇಕ್ಷಕರಿಗೆ ಇನ್ನೂ ಗೊತ್ತಿಲ್ಲ. ಆದರೂ ಅದು ಸುಳ್ಳು ಅಳುವಲ್ಲ ಎಂದು ನಾವು ನಂಬಬೇಕು. ನಂಬುತ್ತೇವೆ. ಟಾಮ್ ಹ್ಯಾಂಕ್ಸ್ ಅವರ ಮುಖಕ್ಕೂ ಇವರ ಮುಖಕ್ಕೂ ಹೋಲಿಕೆ ಅಷ್ಟಕ್ಕಷ್ಟೇ. ಹಾಗಿದ್ದೂ ತಮ್ಮ ಮನೆಯಲ್ಲಿ ಇಬ್ಬರೂ ಒಬ್ಬರೇ ಎಂಬ ವಾದ ಹುಟ್ಟಿತೆಂದರೆ, ಅದು ಮೇಕಪ್ಪಿನ ಕೆಲಸವಲ್ಲ, ಅಭಿನಯದ ಕೆಲಸ.

ಆ ದೃಶ್ಯದಲ್ಲಿ ಅವರ ಎದುರು ಕುಳಿತು ಕಥೆ ಕೇಳುವ ಎಲೇನ್ ಎಂಬ ವೃದ್ಧೆಯ ಪಾತ್ರಧಾರಿ ಈವ್ ಬ್ರೆಂಟ್ ಕೂಡ ಇಂಥವರೇ. 1958ರಲ್ಲಿ ಅವರು ಟಾರ್ಜಾನ್ ಚಿತ್ರದಲ್ಲಿ ಜೇನ್ ಆಗಿದ್ದವರು. ಹೆಸರು ಮರೆತುಹೋದ ಇಬ್ಬರು ಹಿರಿಯ ಕಲಾವಿದರ ಕೈಗೆ ಅಷ್ಟು ದೊಡ್ಡ ಚಿತ್ರದ ಬಾಗಿಲನ್ನೂ ಚಿಲಕವನ್ನೂ ಒಪ್ಪಿಸಿದ ನಿರ್ದೇಶಕ ಫ್ರಾಂಕ್ ಡಾರಬಾಂಟ್ ಅವರನ್ನು ನಾನು ಅದಕ್ಕಾಗಿಯೇ ಹೆಚ್ಚು ಗೌರವಿಸುತ್ತೇನೆ.

ಪ್ರಶ್ನೆ: ಡ್ಯಾಬ್ಸ್ ಗ್ರಿಯರ್ ಎಂಬ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಅವರು ಎಲ್ಲಿಯವರು, ಚಿತ್ರರಂಗಕ್ಕೆ ಹೇಗೆ ಬಂದರು, ಮುಖ್ಯ ಪಾತ್ರಗಳು ಯಾವುವು ಎಂಬುದನ್ನು ವಿವರವಾಗಿ ತಿಳಿಸುವಿರಾ? (ಓದುಗರು, ಗದಗ)

ಉತ್ತರ: ಅವರ ಹುಟ್ಟುಹೆಸರು ರಾಬರ್ಟ್ ವಿಲಿಯಂ ಗ್ರಿಯರ್. ಅಮೆರಿಕದ ಮಿಸೌರಿ ರಾಜ್ಯದ ಫೇರ್‌ವ್ಯೂ ಎಂಬ ಸಣ್ಣ ಊರಿನಲ್ಲಿ 1917ರ ಏಪ್ರಿಲ್ 2ರಂದು ಹುಟ್ಟಿ, ಅದೇ ಸೀಮೆಯ ಆ್ಯಂಡರ್ಸನ್ ಎಂಬಲ್ಲಿ ಬೆಳೆದರು. ತಂದೆ ಔಷಧ ವ್ಯಾಪಾರಿ. ತಾಯಿ ಮಾತುಗಾರಿಕೆಯನ್ನು ಕಲಿಸುವ ಶಿಕ್ಷಕಿ. 'ಡ್ಯಾಬ್ಸ್' ಎಂಬುದು ತಾಯಿಯ ತವರಿನ ಮನೆತನದ ಹೆಸರು. ಬಣ್ಣದ ಬದುಕಿಗೆ ಅದನ್ನೇ ಇಟ್ಟುಕೊಂಡರು. ಎಂಟನೆಯ ವಯಸ್ಸಿಗೇ ಮಕ್ಕಳ ನಾಟಕದಲ್ಲಿ ಬಣ್ಣ ಹಚ್ಚಿದವರು, ಸ್ಪ್ರಿಂಗ್‌ಫೀಲ್ಡ್‌ನ ಡ್ರೂರಿ ಕಾಲೇಜಿನಲ್ಲಿ ಪದವಿ ಪಡೆದರು.

1938ರಲ್ಲಿ ಹಾಲಿವುಡ್ ತಾನಾಗಿಯೇ ಅವರ ಊರಿನ ಹತ್ತಿರಕ್ಕೆ ಬಂತು. ಟೈರೋನ್ ಪವರ್ ಮತ್ತು ಹೆನ್ರಿ ಫಾಂಡಾ ನಟಿಸಿದ 'ಜೆಸ್ಸಿ ಜೇಮ್ಸ್' ಚಿತ್ರದ ಹೊರಾಂಗಣ ಚಿತ್ರೀಕರಣ ಮಿಸೌರಿಯ ಪೈನ್‌ವಿಲ್‌ನಲ್ಲಿ ನಡೆಯುತ್ತಿತ್ತು. ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಸ್ಥಳೀಯರಿಗೆ ದಿನಕ್ಕೆ 5 ಡಾಲರ್ ಕೊಡುತ್ತಿದ್ದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಅಷ್ಟು ಹಣವನ್ನು ತಾವು ಬಹಳ ಕಾಲ ಕಂಡೇ ಇರಲಿಲ್ಲವೆಂದು ಗ್ರಿಯರ್ ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು. ಮರುವರ್ಷ ತೆರೆಕಂಡ ಆ ಚಿತ್ರದ ಗುಂಪಿನಲ್ಲಿ ಹೆಸರಿಲ್ಲದ ಒಬ್ಬನಾಗಿ ಅವರಿದ್ದಾರೆ.

ಆ ಬಳಿಕ ಅವರು ನೇರವಾಗಿ ಸ್ಟುಡಿಯೋಗಳ ಬಾಗಿಲಿಗೆ ಹೋಗಲಿಲ್ಲ. ಮಿಸೌರಿಯ ಮೌಂಟನ್ ಗ್ರೋವ್‌ನಲ್ಲಿ ಕೆಲವು ವರ್ಷ ನಾಟಕ ವಿಭಾಗವನ್ನು ನಡೆಸಿದರು. 1943ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾ ಪ್ಲೇಹೌಸ್ ಸೇರಿದರು. ಹಾಲಿವುಡ್ಡಿಗೆ ನಟರನ್ನು ತಯಾರು ಮಾಡಿ ಕಳಿಸುತ್ತಿದ್ದ ಹೆಸರಾಂತ ರಂಗಸಂಸ್ಥೆ ಅದು. ಅಲ್ಲಿ ಏಳು ವರ್ಷ ನಟನಾಗಿ, ಶಿಕ್ಷಕನಾಗಿ, ಆಡಳಿತಗಾರನಾಗಿ ದುಡಿದರು. ಅಂದರೆ ಕ್ಯಾಮೆರಾದ ಮುಂದೆ ನಿಯತವಾಗಿ ನಿಲ್ಲುವ ಹೊತ್ತಿಗೆ ಅವರು ಮೂವತ್ತು ದಾಟಿದವರು, ಬೇರೆಯವರಿಗೆ ನಟನೆ ಕಲಿಸಿದವರು. ತಲೆಗೂದಲು ಆಗಲೇ ತೆಳುವಾಗಿತ್ತು, ಮುಖ ದುಂಡಗಿತ್ತು. ನಾಯಕನ ಮುಖ ಅದಲ್ಲವೆಂಬುದು ಅವರಿಗೂ ಗೊತ್ತಿತ್ತು, ನಿರ್ಮಾಪಕರಿಗೂ ಗೊತ್ತಿತ್ತು.

ಕಿರುತೆರೆ ಅಮೆರಿಕದ ಮನೆಮನೆಗೆ ಕಾಲಿಡುತ್ತಿದ್ದ ಕಾಲ ಅದು. 1952ರಲ್ಲಿ 'ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್' ಧಾರಾವಾಹಿಯ ಮೊಟ್ಟಮೊದಲ ಕಂತಿನಲ್ಲಿ ವಾಯುನೌಕೆಯೊಂದರ ಹಗ್ಗಕ್ಕೆ ಜೋತುಬಿದ್ದು ಒದ್ದಾಡುವ ಮನುಷ್ಯನೊಬ್ಬ ಬರುತ್ತಾನೆ. ಕೈ ಸೋತು ಅವನು ಬೀಳುವಾಗ ಸೂಪರ್‌ಮ್ಯಾನ್ ಬಂದು ಹಿಡಿದುಕೊಳ್ಳುತ್ತಾನೆ. ಆ ಸುದ್ದಿಯ ಬಲದಿಂದಲೇ ಕ್ಲಾರ್ಕ್ ಕೆಂಟ್‌ನಿಗೆ, ಅಂದರೆ ಸಾಮಾನ್ಯ ಮನುಷ್ಯನ ವೇಷದಲ್ಲಿರುವ ಸೂಪರ್‌ಮ್ಯಾನ್‌ಗೆ, ಪತ್ರಿಕೆಯಲ್ಲಿ ಕೆಲಸ ಸಿಗುತ್ತದೆ. ಹಾಗೆ, ಕಿರುತೆರೆಯ ಸೂಪರ್‌ಮ್ಯಾನ್ ಕಾಪಾಡಿದ ಮೊದಲ ವ್ಯಕ್ತಿ ಡ್ಯಾಬ್ಸ್ ಗ್ರಿಯರ್. ಮರುವರ್ಷ ಅದೇ ಧಾರಾವಾಹಿಯ ಇನ್ನೊಂದು ಕಂತಿನಲ್ಲಿ, ಮಾಡದ ಕೊಲೆಗೆ ಮರಣದಂಡನೆಯಾಗಿ ಗಳಿಗೆ ಎಣಿಸುತ್ತಿರುವ ಕೈದಿಯಾದರು. ಮುಂದೆ 1958ರ ಕಂತೊಂದರಲ್ಲಿ ಅವರದೇ ಎರಡು ಪಾತ್ರ.

ಇಲ್ಲಿ ನನ್ನ ಗಮನಕ್ಕೆ ಬಂದ ಒಂದು ಎಳೆಯನ್ನು ಹೇಳಲೇಬೇಕು. 1953ರಲ್ಲಿ ಅವರು ಮರಣದಂಡನೆಗೆ ಕಾದಿರುವ ನಿರಪರಾಧಿ. 1958ರಲ್ಲಿ, ಸೂಸನ್ ಹೇವರ್ಡ್ ಅವರಿಗೆ ಆಸ್ಕರ್ ತಂದುಕೊಟ್ಟ 'ಐ ವಾಂಟ್ ಟು ಲಿವ್!' ಚಿತ್ರದಲ್ಲಿ, ಅಂಥದೇ ಶಿಕ್ಷೆ ಜಾರಿಯಾಗುವ ಸ್ಯಾನ್ ಕ್ವೆಂಟಿನ್ ಸೆರೆಮನೆಯ ಅಧಿಕಾರಿ. 1999ರಲ್ಲಿ, ನಿರಪರಾಧಿಯೊಬ್ಬನನ್ನು ಮರಣದಂಡನೆಯ ವಿದ್ಯುತ್ ಕುರ್ಚಿಯವರೆಗೆ ನಡೆಸಿಕೊಂಡು ಹೋದ ನೆನಪನ್ನು ಹೊತ್ತು ಸಾಯಲಾಗದೆ ಉಳಿದಿರುವ ಮುದುಕ. ಈ ಮೂರು ಪಾತ್ರಗಳನ್ನು ಯಾರೂ ಯೋಜಿಸಿ ಅವರಿಗೆ ಕೊಟ್ಟದ್ದಲ್ಲ. ನಾಯಕನಟನೊಬ್ಬ ಇಂಥ ಮೂರು ಪಾತ್ರಗಳನ್ನು ಮಾಡಿದ್ದರೆ ವಿಮರ್ಶಕರು ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದರು. ಗ್ರಿಯರ್ ಅವರದು ಆ ವರ್ಷಗಳ ನೂರಾರು ಕರೆಗಳ ನಡುವೆ ಬಂದುಹೋದ ಕೆಲಸವಾದ್ದರಿಂದ, ಒಂದರ ಪಕ್ಕದಲ್ಲಿ ಒಂದಿಟ್ಟು ನೋಡುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ.

ಧಾರಾವಾಹಿಗಳಲ್ಲಿ ಅವರ ಹೆಸರನ್ನು ನಿಲ್ಲಿಸಿದ್ದು ಎರಡು. ಕ್ಯಾನ್ಸಸ್‌ನ ಡಾಡ್ಜ್ ಸಿಟಿಯ ಕಥೆಯಾದ 'ಗನ್‌ಸ್ಮೋಕ್' 1955ರಿಂದ 1975ರವರೆಗೆ ಇಪ್ಪತ್ತು ವರ್ಷ, 635 ಕಂತು ನಡೆಯಿತು. ಅದರ ಮೊದಲ ವರ್ಷಗಳಲ್ಲಿ ಊರಿನ ದಿನಸಿ ಅಂಗಡಿಯ ಜೋನಸ್ ಅವರೇ. ಎರಡನೆಯದು 1974ರಲ್ಲಿ ಆರಂಭವಾದ 'ಲಿಟಲ್ ಹೌಸ್ ಆನ್ ದ ಪ್ರೇರಿ'. ಮಿನೆಸೋಟದ ವಾಲ್ನಟ್ ಗ್ರೋವ್ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಆಲ್ಡನ್ ಆಗಿ ಅವರು 1983ರವರೆಗೂ ಕಾಣಿಸಿಕೊಂಡರು. ಈ ಪಾದ್ರಿ ಬರಿಯ ಉಪದೇಶದ ಬೊಂಬೆಯಲ್ಲ. ಒಂದು ಕಂತಿನಲ್ಲಿ, ತಲೆ ನರೆತ ಮೇಲೆ ತನ್ನ ಸಭೆಯ ಹೆಂಗಸೊಬ್ಬಳನ್ನು ಪ್ರೀತಿಸಿ ಮದುವೆಯಾಗಲು ಹೊರಟು, ಊರಿನ ಶ್ರೀಮಂತ ಅಂಗಡಿಯಾಕೆಯ ವಿರೋಧವನ್ನು ಎದುರಿಸುತ್ತಾನೆ. ಆಗ ಗ್ರಿಯರ್ ಅವರ ಮುಖದಲ್ಲಿ ಮೂಡುವ ಸಂಕೋಚ, ಮತ್ತು ಸಂಕೋಚದ ಅಡಿಯಲ್ಲಿಯೇ ಇರುವ ಗಟ್ಟಿತನ, ನೋಡತಕ್ಕದ್ದು.

ಪಾದ್ರಿಯ ಪಾತ್ರ ಅವರಿಗೆ ಮೇಲಿಂದ ಮೇಲೆ ಒಲಿದು ಬಂತು. ಅಮೆರಿಕದ ವೀಕ್ಷಕರ ಅಚ್ಚುಮೆಚ್ಚಿನ ಎರಡು ಹಾಸ್ಯ ಧಾರಾವಾಹಿಗಳಾದ 'ದ ಡಿಕ್ ವ್ಯಾನ್ ಡೈಕ್ ಶೋ' ಮತ್ತು 'ದ ಬ್ರೇಡಿ ಬಂಚ್' ಎರಡರಲ್ಲಿಯೂ ನಾಯಕ ನಾಯಕಿಯರ ಮದುವೆ ಮಾಡಿಸಿದವರು ಅವರೇ. ತೊಂಬತ್ತರ ದಶಕದ 'ಪಿಕೆಟ್ ಫೆನ್ಸಸ್'ನಲ್ಲಿ ಮತ್ತೆ ಪಾದ್ರಿ.

ಪ್ರಶ್ನೆ: ಹೆಸರೇ ಗೊತ್ತಿಲ್ಲದ ನಟನಿಗೆ ಅಷ್ಟೊಂದು ಅವಕಾಶ ಸಿಕ್ಕಿದ್ದು ಹೇಗೆ? ಇಂಥ ಚಿಕ್ಕಪುಟ್ಟ ಪಾತ್ರಗಳಿಂದ ಜೀವನ ಸಾಗುತ್ತಿತ್ತೇ? ನಾನೂ ಹವ್ಯಾಸಿ ರಂಗಭೂಮಿಯಲ್ಲಿ ಸಣ್ಣ ಪಾತ್ರಗಳನ್ನೇ ಮಾಡುತ್ತಿರುವವನಾದ್ದರಿಂದ ಕುತೂಹಲ. (ಓದುಗರು, ಧಾರವಾಡ)

ಉತ್ತರ: ಅವರ ಲೆಕ್ಕ ಸುಮಾರು ನೂರು ಚಲನಚಿತ್ರ ಮತ್ತು ಆರುನೂರರಷ್ಟು ಧಾರಾವಾಹಿ ಕಂತುಗಳು. ಇದು ಅದೃಷ್ಟದಿಂದ ಆಗುವ ಮಾತಲ್ಲ.

ಆ ಕಾಲದ ಕೆಲಸದ ರೀತಿಯನ್ನು ನೋಡಿದರೆ ಕಾರಣ ತಿಳಿಯುತ್ತದೆ. 1950ರ ದಶಕದಲ್ಲಿ ಅರ್ಧ ಗಂಟೆಯ ಧಾರಾವಾಹಿ ಕಂತುಗಳನ್ನು ಎರಡು ಮೂರು ದಿನಗಳಲ್ಲಿ ಚಿತ್ರೀಕರಿಸಿ ಮುಗಿಸುವುದು ವಾಡಿಕೆಯಾಗಿತ್ತು. 'ಸೂಪರ್‌ಮ್ಯಾನ್'ನಂಥ ಧಾರಾವಾಹಿಯಲ್ಲಿ ಹಣ ಉಳಿಸಲು ಹಲವು ಕಂತುಗಳಲ್ಲಿ ಬರುವ ಒಂದೇ ಕೋಣೆಯ ದೃಶ್ಯಗಳನ್ನು ಒಟ್ಟಿಗೆ ಹಿಡಿದುಬಿಡುತ್ತಿದ್ದರು. ಅಲ್ಲಿ ನಟನಿಗೆ ಪಾತ್ರದೊಳಗೆ ನಿಧಾನವಾಗಿ ಇಳಿಯುವ ವ್ಯವಧಾನ ಇರಲಿಲ್ಲ, ಹತ್ತು ಟೇಕ್ ಕೇಳುವ ಅವಕಾಶವೂ ಇರಲಿಲ್ಲ. ಬೆಳಿಗ್ಗೆ ಬಂದು, ಗುರುತು ಹಾಕಿದ ಜಾಗದಲ್ಲಿ ನಿಂತು, ಮಾತು ತಪ್ಪದೆ, ಎದುರಿನ ನಾಯಕನ ಲಯವನ್ನು ಕೆಡಿಸದೆ, ಮೊದಲನೆಯ ಅಥವಾ ಎರಡನೆಯ ಟೇಕಿಗೆ ನಂಬುವಂತೆ ಮಾಡಬೇಕು. ಪಾಸಡೀನಾದ ರಂಗದ ಮೇಲೆ ವರ್ಷಗಟ್ಟಲೆ ಪಳಗಿದವನಿಗೆ ಇದು ಕರಗತವಾಗಿತ್ತು. ನಿರ್ದೇಶಕರು ಅವರನ್ನು ಮತ್ತೆ ಮತ್ತೆ ಕರೆದದ್ದು ಅದಕ್ಕೇ.

ನಮ್ಮ ಭಾಷೆಯಲ್ಲಿ ಇಂಥವರನ್ನು 'ಪೋಷಕ ನಟ' ಎನ್ನುತ್ತೇವೆ. ದಿನವೂ ಬಳಸಿ ಆ ಮಾತಿನ ಅರ್ಥ ಸವೆದುಹೋಗಿದೆ. ಆದರೆ ಪೋಷಿಸುವವನು ಎಂದರೆ ಉಣಿಸಿ ಬೆಳೆಸುವವನು. ಗ್ರಿಯರ್ ಅವರ ಒಂದು ದೃಶ್ಯವನ್ನು ಇದಕ್ಕೆ ಉದಾಹರಣೆಯಾಗಿ ಕೊಡುತ್ತೇನೆ. 1956ರ 'ಇನ್ವೇಶನ್ ಆಫ್ ದ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ಒಂದು ಊರಿನ ಜನರೆಲ್ಲ ಒಬ್ಬೊಬ್ಬರಾಗಿ, ಮುಖ ಅದೇ ಇದ್ದರೂ ಒಳಗೆ ಬೇರೆಯಾಗುತ್ತ ಹೋಗುತ್ತಾರೆ. ದೊಡ್ಡ ಕಾಯಿಗಳೊಳಗೆ ಅವರ ಪ್ರತಿರೂಪಗಳು ಬೆಳೆಯುತ್ತಿರುತ್ತವೆ. ಊರು ಬಿಟ್ಟು ಓಡುತ್ತಿರುವ ವೈದ್ಯ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸುತ್ತಾನೆ. ಬಂಕಿನ ಮ್ಯಾಕ್, ಅಂದರೆ ಗ್ರಿಯರ್, ಹಳೆಯ ಪರಿಚಯದವನಂತೆ ಮಾತನಾಡಿಸಿ ಪೆಟ್ರೋಲ್ ತುಂಬಿಸುತ್ತಾನೆ, ಕಾರಿನ ಡಿಕ್ಕಿಯನ್ನು ಮುಚ್ಚುತ್ತಾನೆ. ಅಷ್ಟೇ. ಸ್ವಲ್ಪ ದೂರ ಹೋದ ಮೇಲೆ ಅನುಮಾನ ಬಂದು ವೈದ್ಯ ಡಿಕ್ಕಿ ತೆಗೆದು ನೋಡಿದರೆ ಅದರಲ್ಲಿ ಎರಡು ಕಾಯಿ. ಇಲ್ಲಿ ಮ್ಯಾಕ್ ಒಂದು ಚೂರು ಕ್ರೂರವಾಗಿ ಕಂಡಿದ್ದರೂ, ಒಂದು ಕಳ್ಳನೋಟ ಬೀರಿದ್ದರೂ, ದೃಶ್ಯ ಸತ್ತುಹೋಗುತ್ತಿತ್ತು. ಯಾವ ಊರಿನ ಬಂಕಿನಲ್ಲಾದರೂ ಇರಬಹುದಾದ ಮನುಷ್ಯನಂತೆ ಅವರು ಇದ್ದುದರಿಂದಲೇ ನಮಗೆ ಆಮೇಲೆ ಮೈ ಜುಮ್ಮೆನ್ನುತ್ತದೆ. ಆ ಹೆದರಿಕೆಯನ್ನು ತೆರೆಯ ಮೇಲೆ ತೋರಿಸುವವನು ನಾಯಕ; ಅದಕ್ಕೆ ಆಹಾರ ಕೊಟ್ಟವರು ಗ್ರಿಯರ್.

ಇನ್ನು ಜೀವನದ ಪ್ರಶ್ನೆ. ಅಮೆರಿಕದ ನಟರ ಸಂಘ ಗಟ್ಟಿಯಾಗಿ ನಿಂತು ಹೋರಾಡಿದ್ದನ್ನು ಹೇಳದೆ ಇದಕ್ಕೆ ಉತ್ತರವಿಲ್ಲ. ಧಾರಾವಾಹಿಯ ಕಂತು ಮರುಪ್ರಸಾರವಾದಾಗ ಅದರಲ್ಲಿ ನಟಿಸಿದವರಿಗೆ ಮತ್ತೆ ಹಣ ಸಲ್ಲಬೇಕೆಂಬ ಒಪ್ಪಂದವನ್ನು ಆ ಸಂಘ 1950ರ ದಶಕದ ಮೊದಲ ವರ್ಷಗಳಲ್ಲಿಯೇ ಮಾಡಿಸಿಕೊಂಡಿತ್ತು. 1960ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಸಂಘದ ಅಧ್ಯಕ್ಷರಾಗಿದ್ದಾಗ ನಡೆದ ಸುಮಾರು ಆರು ವಾರಗಳ ಮುಷ್ಕರದಿಂದ, ಟಿವಿಗೆ ಮಾರಾಟವಾಗುವ ಚಲನಚಿತ್ರಗಳಿಗೂ ಅದೇ ಬಗೆಯ ಪಾಲು ದೊರೆಯುವಂತಾಯಿತು. ನಟರಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಯ ವ್ಯವಸ್ಥೆಯೂ ಆಯಿತು. ಇದರಿಂದ ಹೆಚ್ಚಿನ ಉಪಕಾರವಾದದ್ದು ತಾರೆಗಳಿಗಿಂತ ಗ್ರಿಯರ್ ಅವರಂಥವರ ವರ್ಗಕ್ಕೆ. ಒಂದೊಂದು ಕಂತಿನ ಪಾಲು ಚಿಕ್ಕದಾದರೂ ಕಂತುಗಳು ನೂರಾರಾದಾಗ ಅದು ಮನೆ ನಡೆಸುವ ಆದಾಯವಾಗುತ್ತದೆ. ನಮ್ಮಲ್ಲಿ ಧಾರಾವಾಹಿಗಳಲ್ಲಿ ದಿನಗೂಲಿಯಂತೆ ದುಡಿಯುವ ಹಿರಿಯ ಕಲಾವಿದರನ್ನು ನೆನೆದಾಗ, ಈ ಒಂದು ವ್ಯವಸ್ಥೆ ನಮ್ಮಲ್ಲಿಯೂ ಭದ್ರವಾಗಿ ಬೇರೂರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಜೀವನವಿಡೀ ಸಣ್ಣ ಪಾತ್ರಗಳಲ್ಲಿಯೇ ಉಳಿದುದಕ್ಕೆ ಅವರಿಗೆ ಬೇಸರವಿರಲಿಲ್ಲವೇ? (ಓದುಗರು, ಮೈಸೂರು)

ಉತ್ತರ: ಇದನ್ನು ಅವರನ್ನೂ ಕೇಳಿದ್ದರು. ಪ್ರತಿಯೊಬ್ಬ ಪೋಷಕ ನಟನೂ ತನ್ನ ಚಿಕ್ಕ ವಲಯದಲ್ಲಿ ತಾನೇ ನಾಯಕ ಎಂಬ ಅರ್ಥದ ಮಾತನ್ನು ಅವರು ಸಂದರ್ಶನವೊಂದರಲ್ಲಿ ಹೇಳಿದ್ದರು. ಇದನ್ನು ಸಮಾಧಾನದ ಮಾತೆಂದು ತಳ್ಳಿಹಾಕುವುದು ಸುಲಭ. ನಾನು ಅದನ್ನು ನಟನೆಯ ವಿಧಾನವೆಂದೇ ಓದುತ್ತೇನೆ. ಬಂಕಿನ ಮ್ಯಾಕ್‌ನ ದೃಷ್ಟಿಯಿಂದ ನೋಡಿದರೆ ಓಡಿಹೋಗುತ್ತಿರುವ ವೈದ್ಯ ಅವನ ದಿನದ ಒಂದು ಸಣ್ಣ ಘಟನೆ. ಅಂಗಡಿಯ ಜೋನಸ್‌ಗೆ 'ಗನ್‌ಸ್ಮೋಕ್'ನ ನಾಯಕನಾದ, ಊರಿನ ಕಾನೂನು ಕಾಯುವ ಮಾರ್ಷಲ್ ಗಿರಾಕಿಗಳಲ್ಲಿ ಒಬ್ಬ. ಪಾತ್ರಕ್ಕೆ ಕಥೆಯ ಹೊರಗೂ ಒಂದು ಬದುಕಿದೆ, ಬಾಗಿಲು ಮುಚ್ಚಿದ ಮೇಲೂ ಅವನು ಊಟ ಮಾಡಿ ಮಲಗುತ್ತಾನೆ ಎಂದು ನಟ ನಂಬಿದ್ದರೆ ಮಾತ್ರ ಎರಡು ನಿಮಿಷದ ಪಾತ್ರಕ್ಕೆ ಆ ತೂಕ ಬರುತ್ತದೆ. ತಮ್ಮ ಪಾಲಿನ ಎರಡು ನಿಮಿಷದಲ್ಲಿ ನಾಯಕನ ಗಮನವನ್ನು ಕದಿಯಲು ಹೊರಡುವ ನಟರೂ ಇದ್ದಾರೆ. ಗ್ರಿಯರ್ ಆ ದಾರಿ ಹಿಡಿದವರಲ್ಲ.

ದೊಡ್ಡ ಪಾತ್ರಗಳು ಸಿಗಲೇ ಇಲ್ಲವೆಂದೂ ಹೇಳುವಂತಿಲ್ಲ. 1958ರ 'ಇಟ್! ದ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್' ಎಂಬ ಅಗ್ಗದ ವೆಚ್ಚದ ಬಾಹ್ಯಾಕಾಶ ಚಿತ್ರದಲ್ಲಿ ಅವರದು ಮುಖ್ಯ ಪಾತ್ರಗಳಲ್ಲೊಂದು. ಆ ಚಿತ್ರದಿಂದ ಅವರ ಸ್ಥಾನವೇನೂ ಬದಲಾಗಲಿಲ್ಲ. ಅವರು ಮದುವೆಯಾಗಲಿಲ್ಲ. ಪಾಸಡೀನಾವನ್ನೇ ತಮ್ಮ ಊರು ಮಾಡಿಕೊಂಡು, 'ಗ್ರೀನ್ ಮೈಲ್' ಆದ ಮೇಲೂ ಕೆಲಸ ಮುಂದುವರಿಸಿದರು. ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ 'ಮೇಬಿ ಇಟ್ಸ್ ಮಿ' ಎಂಬ ಹಾಸ್ಯ ಧಾರಾವಾಹಿಯಲ್ಲಿ ಅಜ್ಜನ ಪಾತ್ರವಿತ್ತು. 2007ರ ಏಪ್ರಿಲ್ 28ರಂದು, ತೊಂಬತ್ತು ತುಂಬಿದ ತಿಂಗಳಲ್ಲಿಯೇ, ಪಾಸಡೀನಾದ ಆಸ್ಪತ್ರೆಯಲ್ಲಿ ತೀರಿಕೊಂಡರು.

ಪ್ರಶ್ನೆ: ಅವರ ಅಭಿನಯವನ್ನು ನೋಡಬೇಕೆಂದಿದ್ದರೆ ಯಾವುದರಿಂದ ಶುರು ಮಾಡಬೇಕು? (ಓದುಗರು, ಪುತ್ತೂರು)

ಉತ್ತರ: 'ಬಾಡಿ ಸ್ನ್ಯಾಚರ್ಸ್' ಎಂಬತ್ತು ನಿಮಿಷದ ಚಿಕ್ಕ ಚಿತ್ರ, ಮೊದಲು ಅದನ್ನು ನೋಡಿ. ಬಳಿಕ ಸೂಪರ್‌ಮ್ಯಾನ್ ಧಾರಾವಾಹಿಯ, ಮರಣದಂಡನೆಗೆ ಕಾದಿರುವ ಕೈದಿಯ ಕಂತು. ಅದರ ಹೆಸರು 'ಫೈವ್ ಮಿನಿಟ್ಸ್ ಟು ಡೂಮ್'. ಅದು ಮುಗಿದ ಸಂಜೆಯೇ 'ದ ಗ್ರೀನ್ ಮೈಲ್'ನ ಕೊನೆಯ ಹದಿನೈದು ನಿಮಿಷವನ್ನು ನೋಡುವುದಾದರೆ, ಮೂವತ್ತಾರರ ಆ ಕೈದಿಯ ಮುಖವೂ ಇಲಿಗೆ ಬ್ರೆಡ್ಡು ತಿನ್ನಿಸುವ ಎಂಬತ್ತೆರಡರ ಮುದುಕನ ಮುಖವೂ ಎದುರುಬದುರಾಗಿ ಕಾಣುತ್ತವೆ.